ರೇಸ್ ಪಥದಲ್ಲಿ ಮೊದಲ ದಿನ

ಯೌವನಕ್ಕೆ ವೇಗದ ಹಂಬಲ ಸಹಜ. ಅದನ್ನು ಊರ ರಸ್ತೆಯಲ್ಲಿ ತೀರಿಸಿಕೊಂಡರೆ ಅಮಾಯಕರ ಪ್ರಾಣಕ್ಕೆ ಸಂಚಕಾರ. ಚೆನ್ನೈ ಸಮೀಪದ ಇರುಂಗಟ್ಟುಕೋಟೈಯಲ್ಲಿ 1990ರಿಂದ ಇರುವ ರೇಸ್ ಪಥದಂತಹ ಕಡೆ, ಸಾರ್ವಜನಿಕರು ಸ್ವಂತ ಕಾರು ಓಡಿಸಲೆಂದು ಗೊತ್ತುಪಡಿಸಿದ ದಿನಗಳಿರುತ್ತವೆ. ಅಲ್ಲಿ ಮೊದಲು ಕಲಿಯಬೇಕಾದುದು ವೇಗವನ್ನಲ್ಲ, ವೇಗವನ್ನು ತಗ್ಗಿಸುವುದನ್ನು ಎಂದು ನಾವು ಒತ್ತಿ ಹೇಳುತ್ತೇವೆ.

ವೇಗ ಇಮ್ಮಡಿಯಾದರೆ ಬ್ರೇಕಿನ ಹೊರೆ ನಾಲ್ಮಡಿಯಾಗುತ್ತದೆ. ಬ್ರೇಕ್ ಆಯಿಲ್ ದಿನಗಳೆದಂತೆ ಗಾಳಿಯ ತೇವವನ್ನು ಹೀರುತ್ತದೆ. ಅದು ಕಾವಿಗೆ ಕುದಿದರೆ ಪೆಡಲ್ ಒತ್ತಿದರೂ ಕಾರು ನಿಲ್ಲದು. ಆದುದರಿಂದ ಹೊರಡುವ ಮುನ್ನ ಹೊಸ ಆಯಿಲ್ ಹಾಕಿಸಿ, ಬ್ರೇಕ್ ಪ್ಯಾಡ್, ಟೈರು, ಚಕ್ರದ ನಟ್ಟುಗಳನ್ನು ಪರೀಕ್ಷಿಸಬೇಕು. ಕಾರಿನೊಳಗಿನ ಸಡಿಲ ವಸ್ತುಗಳನ್ನು ಇಳಿಸಬೇಕು.

ಪಥದಲ್ಲಿ ತಿರುವಿಗೆ ಮೊದಲೇ, ಕಾರು ನೇರವಾಗಿರುವಾಗಲೇ ಬ್ರೇಕು ಒತ್ತಬೇಕು. ತಿರುವಿನ ನಡುವೆ ಹಠಾತ್ತನೆ ಒತ್ತಿದರೆ ಹಿಡಿತ ತಪ್ಪುತ್ತದೆ. ಇದು ಸ್ಪರ್ಧೆಯಲ್ಲ, ಹಿಂದಿನವರಿಗೆ ದಾರಿ ಬಿಡುವುದು ಸೋಲೂ ಅಲ್ಲ. ಕೊನೆಯ ಸುತ್ತನ್ನು ನಿಧಾನವಾಗಿ ಮುಗಿಸಿ ಬ್ರೇಕನ್ನು ತಣಿಸಬೇಕು. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡುವುದು ಲೇಸು.

ಹಿರಿಯರು ಗಮನಿಸಬೇಕಾದ ಮಾತೊಂದಿದೆ. ಸಾಮಾನ್ಯ ಕಾರು ವಿಮೆಯು ರೇಸು, ವೇಗಪರೀಕ್ಷೆಗಳಲ್ಲಿ ಆಗುವ ಹಾನಿಯನ್ನು ತುಂಬಿಕೊಡುವುದಿಲ್ಲ. ಪಾಲಿಸಿಯನ್ನು ಓದಿಯೇ ಮಕ್ಕಳಿಗೆ ಸಮ್ಮತಿ ನೀಡಿರಿ. ಪಥದಲ್ಲಿ ಕಲಿತ ಸಂಯಮ ಊರ ರಸ್ತೆಗೂ ಬಂದರೆ ಆ ದಿನ ಸಾರ್ಥಕವೆನ್ನಬಹುದು.