ಪವನಾಶನನ ಉಪವಾಸ

ನಮ್ಮ ಪೂರ್ವಿಕರು ಹಾವಿಗೆ 'ಪವನಾಶನ' ಎಂದೊಂದು ಹೆಸರಿಟ್ಟಿದ್ದಾರೆ. ಗಾಳಿಯನ್ನೇ ಆಹಾರವಾಗಿ ಉಳ್ಳದ್ದು ಎಂದು ಅದರ ಅರ್ಥ. ತಿಂಗಳುಗಟ್ಟಲೆ ಏನನ್ನೂ ತಿನ್ನದೆ ಬಿದ್ದಿರಬಲ್ಲ ಪ್ರಾಣಿಯು ಗಾಳಿಯನ್ನಲ್ಲದೆ ಮತ್ತೇನನ್ನು ಸೇವಿಸೀತು ಎಂದು ಅವರು ಯೋಚಿಸಿರಬೇಕು. ಗಾಳಿಯಿಂದ ಹಾವಿನ ಹೊಟ್ಟೆ ತುಂಬುವುದಿಲ್ಲವೆಂಬುದು ನಮಗೆ ತಿಳಿದಿದೆ. ಆದರೆ ಅದರ ದೀರ್ಘೋಪವಾಸ ಮಾತ್ರ ಕಟ್ಟುಕಥೆಯಲ್ಲ. ಅಮೆರಿಕ, ಯೂರೋಪುಗಳಲ್ಲಿ ಹಾವುಗಳನ್ನು ಸಾಕುವವರಿಗೆ ಅದೊಂದು ದೊಡ್ಡ ಚಿಂತೆಯೇ ಆಗಿದೆ.

ಆ ದೇಶಗಳಲ್ಲಿ ಬಹು ಮಂದಿ ಸಾಕುವ ಹಾವುಗಳಲ್ಲಿ ಬಾಲ್ ಪೈಥಾನ್ ಒಂದು. ಇದು ಘಾನಾ, ಟೋಗೊ, ಬೆನಿನ್ ಮೊದಲಾದ ಆಫ್ರಿಕದ ನಾಡುಗಳ ಪುಟ್ಟ ಹೆಬ್ಬಾವು. ಬೆಳೆದ ಹಾವಿನ ಉದ್ದ ಸಾಮಾನ್ಯವಾಗಿ 3ರಿಂದ 5 ಅಡಿ. ಹೆದರಿದಾಗ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಇದಕ್ಕೆ ಈ ಹೆಸರು ಬಂದಿದೆ. ಇದಕ್ಕೆ ವಿಷವಿಲ್ಲ, ಸ್ವಭಾವವೂ ಸಾಧು. ಊಟದ ವಿಷಯದಲ್ಲಿ ಮಾತ್ರ ಮಹಾ ಹಟಮಾರಿ.

ಸಾಕುವವರು ಇದಕ್ಕೆ ಕೊಡುವ ಆಹಾರವೆಂದರೆ, ಮೊದಲೇ ಕೊಂದು ಮಂಜುಗಟ್ಟಿಸಿ ಇಟ್ಟ ಇಲಿ. ಅದನ್ನು ಕರಗಿಸಿ, ಬೆಚ್ಚಗೆ ಮಾಡಿ ಹಾವಿನ ಮುಂದೆ ಹಿಡಿಯುತ್ತಾರೆ. ಹಾವು ಮೂಸಿ ನೋಡಿ ಮುಖ ತಿರುಗಿಸುತ್ತದೆ. ಒಂದು ವಾರ, ಎರಡು ವಾರ, ಒಂದು ತಿಂಗಳು ಹೀಗೆಯೇ ಕಳೆದರೆ ಸಾಕಿದವನ ಧೈರ್ಯ ಕುಂದುತ್ತದೆ. 'ಜೀವಂತ ಇಲಿಯನ್ನೇ ಬಿಟ್ಟುಬಿಡೋಣ' ಎಂಬ ಯೋಚನೆ ಬರುತ್ತದೆ. ಅಪಾಯವಿರುವುದು ಇಲ್ಲಿಯೇ. ಇಲಿಗೂ ಪ್ರಾಣಭಯವಿದೆ, ಚೂಪಾದ ಹಲ್ಲುಗಳೂ ಇವೆ. ಕಾಡಿನಲ್ಲಿ ಅದು ಓಡಿಹೋದೀತು. ಗಾಜಿನ ಪೆಟ್ಟಿಗೆಯಲ್ಲಿ ಓಡಲು ಎಡೆಯಿಲ್ಲ. ಹಸಿವಿಲ್ಲದ ಹಾವಿನೊಡನೆ ರಾತ್ರಿಯೆಲ್ಲ ಕೂಡಿಟ್ಟ ಇಲಿಯು ಹಾವಿನ ಬೆನ್ನನ್ನು ಮೂಳೆ ಕಾಣುವಂತೆ ಕಡಿದು ತಿಂದಿರುವುದುಂಟು. ಇಲಿಯ ಪಾಲಿಗೂ ಅದು ಅನಾವಶ್ಯಕವಾದ ಯಾತನೆ. ಅದಲ್ಲದೆ, ಮಂಜುಗಟ್ಟಿಸುವುದರಿಂದ ಇಲಿಯ ಮೈಯಲ್ಲಿರುವ ಅನೇಕ ಪರೋಪಜೀವಿಗಳು ಸಾಯುತ್ತವೆ.

ಹಾಗಾದರೆ ಹಾವು ಸತ್ತ ಇಲಿಯನ್ನು ಏಕೆ ಒಲ್ಲದು? ಇದನ್ನು ತಿಳಿಯಬೇಕಾದರೆ ಅದು ತನ್ನ ಬೇಟೆಯನ್ನು ಹೇಗೆ ಗುರುತಿಸುತ್ತದೆಂಬುದನ್ನು ನೋಡಬೇಕು.

ಮೊದಲನೆಯದು ವಾಸನೆ. ಹಾವಿನ ಕವಲು ನಾಲಿಗೆ ಗಾಳಿಯಲ್ಲಿನ ಹಾಗೂ ನೆಲದ ಮೇಲಿನ ವಾಸನೆಯ ಕಣಗಳನ್ನು ಸಂಗ್ರಹಿಸುತ್ತದೆ. ಅಂಗುಳಿನಲ್ಲಿರುವ ಜೇಕಬ್ಸನ್ನನ ಅವಯವವು ಅವುಗಳನ್ನು ಪರೀಕ್ಷಿಸುತ್ತದೆ. ಈ ಅಭಿರುಚಿ ಕೆಲವು ಹಾವುಗಳಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಗಾರ್ಟರ್ ಎಂಬ ಜಾತಿಯ ಹಾವುಗಳ ಎಳೆಯ ಮರಿಗಳ ಮುಂದೆ, ಎಂದೂ ಏನನ್ನೂ ತಿನ್ನುವ ಮೊದಲೇ, ಆಹಾರಪ್ರಾಣಿಯ ಸಾರದಲ್ಲಿ ಅದ್ದಿದ ಹತ್ತಿಯನ್ನು ಹಿಡಿದರೆ ಅವು ಅದನ್ನು ಕಚ್ಚಲು ಹೋಗುತ್ತವೆ. ಅಮೆರಿಕದ ಗಾರ್ಡನ್ ಬರ್ಗ್‌ಹಾರ್ಟ್ 1966ರಲ್ಲಿ ಇದನ್ನು ತೋರಿಸಿಕೊಟ್ಟರು.

ಎರಡನೆಯದು ಶಾಖ. ಬಾಲ್ ಪೈಥಾನಿನ ತುಟಿಗಳ ಮೇಲೆ ಸಣ್ಣ ಸಣ್ಣ ಕುಳಿಗಳಿವೆ. ಬಿಸಿರಕ್ತದ ಪ್ರಾಣಿಯ ದೇಹದಿಂದ ಹೊರಡುವ ಅವಕೆಂಪು ಕಿರಣಗಳನ್ನು ಇವು ಗ್ರಹಿಸುತ್ತವೆ. ಕುಳಿಯುಳ್ಳ ಹಾವುಗಳ ನರಗಳಲ್ಲಿ ಶಾಖಕ್ಕೆ ಸ್ಪಂದಿಸುವ ಪ್ರೋಟೀನು ಯಾವುದೆಂಬುದನ್ನು ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು 2010ರಲ್ಲಿ ಕಂಡುಹಿಡಿದರು.

ಮೂರನೆಯದು ಚಲನೆ. ಇದರ ಮಹತ್ವವನ್ನು ತೋರಿಸುವ ಸ್ವಾರಸ್ಯವಾದ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. ಸತ್ತ ಇಲಿಗಳೊಳಗೆ ಮಿಡಿಯುವ ಕೃತಕ ಹೃದಯವನ್ನಿಟ್ಟು ಬೋವಾ ಹಾವುಗಳಿಗೆ ಕೊಡಲಾಯಿತು. ಮಿಡಿತವಿದ್ದಾಗ ಹಾವುಗಳು ಇಲಿಯನ್ನು ಹೆಚ್ಚು ಹೊತ್ತು, ಹೆಚ್ಚು ಬಲವಾಗಿ ಹಿಸುಕಿದವು.

ಈಗ ಹಾವಿನ ದೃಷ್ಟಿಯಿಂದ ಯೋಚಿಸಿರಿ. ತಣ್ಣಗಿರುವ, ವಾಸನೆ ಮಂಕಾದ, ಮಿಸುಕದ ವಸ್ತು ಅದರ ಪಾಲಿಗೆ ಇಲಿಯೇ ಅಲ್ಲ! ಇಲ್ಲದಿರುವ ಆ ಗುರುತುಗಳನ್ನು ಮರಳಿ ಒದಗಿಸುವುದೇ ಸಾಕುವವನ ಜಾಣ್ಮೆ.

ಮಂಜುಗಟ್ಟಿದ ಇಲಿಯನ್ನು ರೆಫ್ರಿಜರೇಟರಿನ ಕೆಳ ಅಂಕಣದಲ್ಲಿ ಒಂದು ರಾತ್ರಿ ಇಟ್ಟು ಕರಗಿಸಬೇಕು. ಅನಂತರ ಚೀಲದಲ್ಲಿ ಕಟ್ಟಿ, ಮೈ ಸುಮಾರು 38 ಡಿಗ್ರಿ ಸೆಲ್ಸಿಯಸ್ ಆಗುವವರೆಗೆ ಬಿಸಿನೀರಿನಲ್ಲಿ ಮುಳುಗಿಸಿಡಬೇಕು. ಮೈಕ್ರೋವೇವ್ ಒಲೆಯನ್ನು ಬಳಸಬಾರದು. ಅದರಲ್ಲಿ ಇಲಿಯ ಒಂದು ಭಾಗ ಬೆಂದು ಇನ್ನೊಂದು ಭಾಗ ತಣ್ಣಗೇ ಉಳಿದೀತು. ಇಲಿಯ ಮೈಯನ್ನು ಒರಸಿ ಒಣಗಿಸಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು, ಸಂಜೆಗತ್ತಲಲ್ಲಿ ಹಾವಿನಿಂದ ಕೊಂಚ ದೂರದಲ್ಲಿ ಮೆಲ್ಲಗೆ ಅಲುಗಿಸಬೇಕು. ಮೂತಿಗೆ ತಾಗಿಸಿದರೆ ಹಾವು ಬೆದರುತ್ತದೆ. ಚಿಕ್ಕ ಸುಂಡಿಲಿಗೆ ಒಗ್ಗಿದ ಹಾವು ದೊಡ್ಡ ಇಲಿಯನ್ನು ನಿರಾಕರಿಸಿದರೆ, ಸುಂಡಿಲಿಯ ಗೂಡಿನ ಹುಲ್ಲಿನಲ್ಲಿ ಅದನ್ನು ಉಜ್ಜಿ ವಾಸನೆ ಹತ್ತಿಸುವುದುಂಟು. ಇಲಿಯ ಗಾತ್ರ ಹಾವಿನ ದೇಹದ ಅತ್ಯಂತ ದಪ್ಪ ಭಾಗಕ್ಕೆ ಸಮನಾಗಿದ್ದರೆ ಸಾಕು. ಆಗಲೂ ಹಿಡಿಯದಿದ್ದರೆ ಇಲಿಯನ್ನು ಗುಹೆಯ ಬಾಗಿಲಲ್ಲಿ ಇರಿಸಿ ದೀಪವಾರಿಸಿ ಬಿಡಬೇಕು. ಬೆಳಿಗ್ಗೆ ಹಾಗೆಯೇ ಉಳಿದಿದ್ದರೆ ಅದನ್ನು ಎಸೆಯಬೇಕು. ಒಮ್ಮೆ ಕರಗಿದ್ದನ್ನು ಮತ್ತೆ ಮಂಜುಗಟ್ಟಿಸುವುದು ಸಲ್ಲದು. ಶೀತದಿಂದ ಎಲ್ಲ ಬ್ಯಾಕ್ಟೀರಿಯಗಳೂ ಸಾಯುವುದಿಲ್ಲ.

ಇಷ್ಟಾದರೂ ತಿನ್ನದ ಹಾವಿನ ವಿಷಯದಲ್ಲಿ ತಪ್ಪು ಇಲಿಯದಲ್ಲ, ಮನೆಯದಿರಬಹುದು. ಹಾವು ತನ್ನ ದೇಹದ ಶಾಖವನ್ನು ಹೊರಗಿನಿಂದ ಪಡೆಯಬೇಕು. ಪೆಟ್ಟಿಗೆಯ ಒಂದು ಬದಿ ಸುಮಾರು 32 ಡಿಗ್ರಿ, ಇನ್ನೊಂದು ಬದಿ 26 ಡಿಗ್ರಿಯಷ್ಟು ಇರಬೇಕು. ಚಳಿಯಲ್ಲಿ ಜೀರ್ಣಶಕ್ತಿಯೇ ಕುಂದುವುದರಿಂದ ಹಾವಿಗೆ ಊಟ ಬೇಡವಾಗುತ್ತದೆ. ಮೈಯೆಲ್ಲ ಅಡಗುವಂತಹ ಇಕ್ಕಟ್ಟಾದ ಮರೆಯೂ ಬೇಕು. ಪೊರೆ ಬಿಡುವ ಮುನ್ನ ಕಣ್ಣು ಮಂಜಾದಾಗ ಹಾವು ಆಹಾರವನ್ನು ಒಲ್ಲದಿರುವುದು ಸಹಜ. ಆ ದಿನಗಳಲ್ಲಿ ಅದನ್ನು ಮುಟ್ಟದಿರುವುದೇ ಲೇಸು.

ಒಮ್ಮೆ ನಿರಾಕರಿಸಿದ ಮೇಲೆ ಒಂದು ವಾರವಾದರೂ ಬಿಡದೆ ಮತ್ತೆ ಇಲಿಯನ್ನು ಒಡ್ಡಬಾರದು. ದಿನವೂ ಪೀಡಿಸಿದರೆ ಹಟ ಹೆಚ್ಚುತ್ತದೆ. ಆದರೆ ತಾಳ್ಮೆಯೆಂದರೆ ಅಲಕ್ಷ್ಯವಲ್ಲ. ವಾರಕ್ಕೊಮ್ಮೆ ತೂಕ ಮಾಡಿ ಬರೆದಿಡಬೇಕು. ತೂಕ ಇಳಿಯದೆ ಚುರುಕಾಗಿರುವ ಬೆಳೆದ ಹಾವು ತಿಂಗಳುಗಟ್ಟಲೆ ಉಪವಾಸವಿದ್ದರೂ ಭಯವಿಲ್ಲ. ತೂಕದ ಹತ್ತನೆಯ ಒಂದು ಭಾಗ ಇಳಿದರೆ, ಉಸಿರಿನಲ್ಲಿ ಸದ್ದು ಕೇಳಿಸಿದರೆ, ಅಥವಾ ಬಾಯಿಯಿಂದ ಲೋಳೆ ಸುರಿದರೆ ಪಶುವೈದ್ಯರಿಗೆ ತೋರಿಸಬೇಕು. ಎಳೆಯ ಮರಿಗಳಿಗೆ ಮೈಯಲ್ಲಿ ಕೂಡಿಟ್ಟ ಕೊಬ್ಬು ಕಡಿಮೆ. ಅವುಗಳ ವಿಷಯದಲ್ಲಿ ಹೆಚ್ಚು ಕಾಯುವಂತಿಲ್ಲ.

ಇದನ್ನೋದಿ ನಮ್ಮ ಹೊಲಗದ್ದೆಗಳ ಹಾವನ್ನು ಹಿಡಿದು ತಂದು ಸಾಕುವ ಸಾಹಸಕ್ಕೆ ಯಾರೂ ಕೈ ಹಾಕಬಾರದು. ಅದು ಪ್ರಾಣಾಪಾಯಕರ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ನಮಗೆ ಇಲ್ಲಿ ಬೇಕಾದ ಪಾಠ ಬೇರೆ. ಹಟವೆಂದು ನಾವು ಕರೆಯುವುದು ಬಹು ವೇಳೆ ಆ ಪ್ರಾಣಿಯ ಇಂದ್ರಿಯಗಳು ನೀಡಿದ ಪ್ರಾಮಾಣಿಕವಾದ ಉತ್ತರ. ಅದರ ನಾಲಿಗೆಗೂ ತುಟಿಗೂ ತಿಳಿಯುವ ಭಾಷೆಯಲ್ಲಿ ಊಟಕ್ಕೆ ಕರೆದರೆ, ಪವನಾಶನನೂ ತನ್ನ ಉಪವಾಸವನ್ನು ಮುರಿಯುತ್ತಾನೆ.