ಮಾರಮ್ಮನ ಮರದ ಮೂರ್ತಿ: ಹೆಸರುಳಿಯದ ಶಿಲ್ಪಿಗಳ ಪರಂಪರೆ

ಶಿಕಾರಿಪುರ, ಸೊರಬ ಸೀಮೆಯ ಹಲವು ಹಳ್ಳಿಗಳಲ್ಲಿ ಕೆಲವು ವರ್ಷಗಳಿಗೊಮ್ಮೆ ನಡೆಯುವ ಮಾರಿಜಾತ್ರೆಯಲ್ಲಿ ಪೂಜೆಗೊಳ್ಳುವುದು ಕಲ್ಲಿನ ವಿಗ್ರಹವಲ್ಲ, ಬಣ್ಣ ಬಳಿದ ದಾರುಮೂರ್ತಿ, ಅಂದರೆ ಮರದ ವಿಗ್ರಹ. ಸಿಡುಬು, ಕಾಲರಾ, ದನಕರುಗಳ ಬೇನೆ ಊರಿಗೆ ಊರನ್ನೇ ಬರಿದುಮಾಡುತ್ತಿದ್ದ ಕಾಲದಲ್ಲಿ, ರೋಗ ತರುವವಳೂ ಅದನ್ನು ತಡೆಯುವವಳೂ ಒಬ್ಬಳೇ ಎಂಬ ನಂಬಿಕೆಯ ಮೇಲೆ ಈ ಗ್ರಾಮದೇವತೆಯ ಆರಾಧನೆ ಬೆಳೆಯಿತು. ಅವಳು ಗುಡಿ ಬಿಟ್ಟು ಹೊರಟು, ಗದ್ದುಗೆಯಲ್ಲಿ, ಎಂದರೆ ಜಾತ್ರೆಗೆಂದೇ ಸಿದ್ಧಪಡಿಸಿದ ಪೀಠದಲ್ಲಿ ಕುಳಿತು, ಕೊನೆಗೆ ಊರಗಡಿಯತ್ತ ಸಾಗಬೇಕಾದವಳಾದ್ದರಿಂದ, ಹೊತ್ತು ಸಾಗಿಸಲು ಸುಲಭವಾದ ಮರವೇ ಅವಳಿಗೆ ಒಗ್ಗಿರಬೇಕು. ನೆರೆಯ ಶಿರಸಿಯ ಮಾರಿಕಾಂಬೆಯ ಸುಮಾರು ಏಳು ಅಡಿಯ ಮೂರ್ತಿಯೂ ಮರದ್ದೇ. ಅದು 17ನೆಯ ಶತಮಾನದ ಕೊನೆಯಲ್ಲಿ ಪ್ರತಿಷ್ಠೆಗೊಂಡಿತೆಂಬುದು ಪ್ರತೀತಿ.

ಈ ಸೀಮೆಯ ಮರಗೆತ್ತನೆಗೆ ಹೆಸರಾದವರು ಗುಡಿಗಾರರು. ವಿಗ್ರಹ ಕೆತ್ತುವುದು, ಬಣ್ಣ ಹಾಕುವುದು, ಬೆಂಡಿನಿಂದ ಮದುವೆಯ ಬಾಸಿಂಗ ಕಟ್ಟುವುದು, ಇವೆಲ್ಲ ಅವರ ಕುಲಕಸುಬು. ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ಮೆಚ್ಚಿ ದಾಖಲಿಸಿತು. ಹೊರಗಿನವರ ಕಣ್ಣಿಗೆ ಗಂಧದ ಪೆಟ್ಟಿಗೆ ಬಿದ್ದಷ್ಟು ಸುಲಭವಾಗಿ ಊರ ಮಾರಮ್ಮ ಬೀಳಲಿಲ್ಲ.

ಕೆತ್ತಿದ ಮಾತ್ರಕ್ಕೆ ಮರ ದೇವತೆಯಾಗದು. ಮೂರ್ತಿಗೆ ಜೀವ ತುಂಬುವ ಪ್ರಾಣಪ್ರತಿಷ್ಠೆಯ ವಿಧಿಯ ಬಳಿಕವೇ ಅದಕ್ಕೆ ಕಾಯುವ ಶಕ್ತಿ ಬರುತ್ತದೆಂಬುದು ಭಕ್ತರ ನಂಬಿಕೆ. ಮಧ್ಯ ಆಫ್ರಿಕದ ಕಾಂಗೋ ಪ್ರದೇಶದ ಟೆಕೆ ಜನರಲ್ಲೂ ಇದಕ್ಕೆ ಹತ್ತಿರದ ಕಲ್ಪನೆಯಿದೆ: ಅವರ ರಕ್ಷಕ ಬೊಂಬೆಯ ಹೊಟ್ಟೆಯ ಪೊಳ್ಳಿನಲ್ಲಿ ಮಂತ್ರವೈದ್ಯನು ಶಕ್ತಿದ್ರವ್ಯ ತುಂಬಿದ ಮೇಲಷ್ಟೇ ಅದು ಮನೆಮಂದಿಯನ್ನು ಕಾಯಬಲ್ಲದು. ಅಂಥ ಎಷ್ಟೋ ಬೊಂಬೆಗಳು ಯುರೋಪಿನ ಸಂಗ್ರಹಾಲಯಗಳನ್ನು ಸೇರಿದಂತೆಯೇ, ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದ ಹಳೆಯ ಮರದ ಭೂತಮೂರ್ತಿಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಹೋದವು. ದೇವರೆನಿಸಿದ್ದವು ಅಲ್ಲಿ ಕಲಾಕೃತಿಗಳಾದವು. ಉಳಿದುಕೊಂಡವು ಎಂಬುದಷ್ಟೇ ಸಮಾಧಾನ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಿಂದ ಬೇಲೂರಿಗೆ ಹೋದ ದಾಸೋಜ ಮತ್ತು ಅವನ ಮಗ ಚಾವಣ 12ನೆಯ ಶತಮಾನದಲ್ಲೇ ತಾವು ಕಡೆದ ಶಿಲ್ಪಗಳ ಅಡಿಯಲ್ಲಿ ಹೆಸರು ಕೊರೆಸಿಕೊಂಡರು. ಅದೇ ಸೀಮೆಯಲ್ಲಿ ಮಾರಮ್ಮನನ್ನು ಕೆತ್ತಿದವರ ಹೆಸರು ಮಾತ್ರ ಎಲ್ಲಿಯೂ ಸುಲಭಕ್ಕೆ ಸಿಗುವುದಿಲ್ಲ. ಮರ ಹುಳು ಹಿಡಿದು ಮೂರ್ತಿ ಬದಲಾದಾಗ ಹಳೆಯ ಕೈಚಳಕವೂ ಅದರೊಡನೆ ಹೋಗುತ್ತದೆ. ಮುಂದೆ ಮೂರ್ತಿ ಬದಲಿಸುವ ಜಾತ್ರಾ ಸಮಿತಿಗಳು ಹಳೆಯದರ ಚಿತ್ರ, ಅಳತೆ, ಬಳಸಿದ ಮರ ಹಾಗೂ ಕೆತ್ತಿದವರ ಹೆಸರನ್ನು ತಮ್ಮ ಲೆಕ್ಕದ ಪುಸ್ತಕದಲ್ಲಾದರೂ ಬರೆದಿಡಲಿ.