ಒಂದು ದಿನ ತಡೆದ ಯುದ್ಧ

ದೇವಸುಗೂರಿನ ಬಳಿ ಕೃಷ್ಣೆಯ ಹರಹನ್ನು ಕಂಡವರಿಗೆ, ನದಿಯನ್ನು ಬೆನ್ನಿಗಿಟ್ಟುಕೊಂಡು ಕಾದುವುದೆಂದರೇನೆಂಬುದು ತಿಳಿದೀತು. 1520ರ ಮೇ ತಿಂಗಳು. ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದ್ದನು. ವಿಜಾಪುರದ ಇಸ್ಮಾಯಿಲ್ ಆದಿಲಶಾಹನು ಕೃಷ್ಣೆಯನ್ನು ದಾಟಿದನೆಂಬ ವಾರ್ತೆ ಬಂದಿತು. ಒಡನೆಯೇ ಎರಗಬೇಕೆಂದು ರಾಯನ ಆತುರ. ಶುಕ್ರವಾರ ಅಶುಭ, ಶನಿವಾರವೇ ಲೇಸೆಂದು ದಂಡನಾಯಕರ ಬಿನ್ನಹ. ಪೋರ್ಚುಗೀಸ್ ಬರಹಗಾರ ನೂನಿಜ್ ಹೀಗೆಂದು ಬರೆದಿಟ್ಟಿದ್ದಾನೆ. ರಾಯನು ಅವರ ಮಾತಿಗೆ ಮಣಿದನು. ವೈರಿಯ ತೋಪುಗಳಿಗೆ ವಾರದ ಹಂಗೆಲ್ಲಿ! ಮೇ 19ರ ಶನಿವಾರ ಅವು ವಿಜಯನಗರದ ಮುಂಚೂಣಿಯನ್ನು ಸೀಳಿದವು. ಸೇನೆ ಹಿಮ್ಮೆಟ್ಟತೊಡಗಿತು. ಆಗ ರಾಯನು ತನ್ನ ಉಂಗುರವನ್ನು ಸೇವಕನಿಗಿತ್ತು, ಸಾವಿಗೆ ಸಿದ್ಧನಾಗಿ, ತಾನೇ ಮುನ್ನುಗ್ಗಿದನು. ಗಾಳಿ ತಿರುಗಿತು. ಓಡಿದವರಲ್ಲಿ ಅನೇಕರು ಕೃಷ್ಣೆಯ ಪಾಲಾದರು. ಆದಿಲಶಾಹನು ಆನೆಯೇರಿ ಹೊಳೆ ದಾಟಿ ಪಾರಾದನು.